ಉದ್ದವ್ವನ ಕೈ

ಗೋಕಾಕದಲ್ಲಿ ಕಟ್ಟಿಗೆಯ ಹಣ್ಣು ಮಾಡುವ ಮನೆಗಳು ಈಗ ಬೆರಳೆಣಿಕೆಯಷ್ಟು ಉಳಿದಿವೆ. ಅಂಥ ಒಂದು ಮನೆಯ ಪಡಸಾಲೆಯಲ್ಲಿ ಉದ್ದವ್ವ ಬೆಳಗಿನಿಂದ ಸಂಜೆಯವರೆಗೆ ಕೂತು ಮಾವಿನ ಹಣ್ಣಿಗೆ ಹಳದಿ ಬಳಿಯುತ್ತಾಳೆ, ಹಳದಿ ಒಣಗಿದ ಮೇಲೆ ತೊಟ್ಟಿನ ಹತ್ತಿರ ಒಂದಿಷ್ಟು ಕೆಂಪು ತೀಡುತ್ತಾಳೆ. ಸೀತಾಫಲ, ಬಾಳೆಹಣ್ಣು, ಬದನೆಕಾಯಿ ಎಲ್ಲಕ್ಕೂ ಅವಳದೇ ಬಣ್ಣ. ಕೊಳ್ಳಲು ಬಂದವರು ಖರೆ ಹಣ್ಣೆಂದು ಮೂಸಿ ನೋಡಿ ನಗುವುದುಂಟು. ಉದ್ದವ್ವ ನಗುವುದಿಲ್ಲ. ಸಿಟ್ಟಾಗುವುದೂ ಇಲ್ಲ. ಅವಳ ಮುಖ ನೋಡಿ ಒಳಗೇನಿದೆ ಎಂದು ಹೇಳುವವರು ಇನ್ನೂ ಹುಟ್ಟಿಲ್ಲ.

ಈ ಕೆಲಸ ಸಿಗುವ ಮೊದಲು ಅವಳು ಪೇಟೆಯ ಒಬ್ಬ ಮಿಠಾಯಿಯವನ ಹತ್ತಿರ ಕರದಂಟು ಪೊಟ್ಟಣ ಕಟ್ಟುತ್ತಿದ್ದಳು. ಮಮದಾಪುರದಿಂದ ಸಂತೆಗೆ ಬಂದವನೊಬ್ಬ ಅವಳನ್ನು ಗುರುತು ಹಿಡಿದು, ಅಂಗಡಿಯವನ ಕಿವಿಯಲ್ಲಿ ಏನೋ ಊದಿ ಹೋದ. ಮರುದಿನ ಅವಳಿಗೆ ಅಲ್ಲಿ ಕೆಲಸ ಇರಲಿಲ್ಲ. ಈ ಹಣ್ಣಿನ ಮನೆಯ ಒಡೆಯ ಮಹಾಂತೇಶನಿಗೂ ಆ ಮಾತು ಮುಟ್ಟಿತ್ತು. ಆದರೆ ಅವನು ಸ್ವಲ್ಪ ತಲೆಹರಟೆ ಮನುಷ್ಯ. "ನಾವು ಮಾಡೂ ಹಣ್ಣ ಯಾರೂ ತಿನ್ನೂದಿಲ್ಲಬೇ ಯವ್ವಾ, ನೀ ಆರಾಮಾಗಿ ಬಾ" ಅಂದ. ಅವಳು ಬಂದಳು, ಕೂತಳು, ಕುಂಚ ಹಿಡಿದಳು. ಅವತ್ತಿನಿಂದ ಎದ್ದಿಲ್ಲ.

ಕಿವಿಯಲ್ಲಿ ಊದಿದ ಮಾತು ಇಷ್ಟೇ: ಈಕೆ ಮದ್ದು ಹಾಕುವವಳು.

ಈ ಸೀಮೆಯಲ್ಲಿ ಮದ್ದು ಹಾಕುವುದೆಂದರೆ ಊಟದಲ್ಲಿ ಗೊತ್ತಾಗದಂತೆ ಏನನ್ನೋ ಬೆರೆಸಿ ಉಣ್ಣಿಸುವುದು. ಅದು ಹೊಟ್ಟೆಯಲ್ಲಿ ಕೂತು, ಬೇರು ಬಿಟ್ಟು, ಉಂಡವನನ್ನೇ ಮೆಲ್ಲಗೆ ಉಣ್ಣುತ್ತದಂತೆ. ಹಾಕಿದ್ದನ್ನು ಕಂಡವರು ಒಬ್ಬರೂ ಇಲ್ಲ, ನಂಬದವರೂ ಹೆಚ್ಚಿಲ್ಲ. ಒಬ್ಬ ಹೆಂಗಸಿನ ಮೇಲೆ ಈ ಮಾತು ಬಂದರೆ ಮುಗಿಯಿತು. ಯಾರೂ ಬಡಿಯುವುದಿಲ್ಲ, ಬಯ್ಯುವುದಿಲ್ಲ. ಅವಳ ಕೈಯಿಂದ ಉಣ್ಣುವುದಿಲ್ಲ, ಅಷ್ಟೇ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವವರು ಯಾರು?

ಮಾತು ಹುಟ್ಟಿದ್ದು ಅವಳು ಅಂಕಲಗಿಯಿಂದ ಮಮದಾಪುರದ ದುರ್ಗೇಶನನ್ನು ಮದುವೆಯಾಗಿ ಬಂದ ವರ್ಷ. ದುರ್ಗೇಶನ ತಮ್ಮ ಕೇದಾರಿ ಆಗ ಮೀಸೆ ಚಿಗುರುತ್ತಿದ್ದ ಹುಡುಗ. ಅತ್ತಿಗೆಯ ರೊಟ್ಟಿ ಅವನಿಗೆ ಬಹಳ ಸೇರುತ್ತಿತ್ತು. ಅದೇ ವರ್ಷ ಅವನಿಗೆ ಬಾವು ಶುರುವಾಯಿತು. ಕಬ್ಬು ಕಡಿದು ಬಂದ ದಿನ ಅಂಗೈ ಉಬ್ಬಿ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಒಮ್ಮೊಮ್ಮೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದ. ಎರಡು ಮೂರು ದಿನಕ್ಕೆ ತಾನೇ ಇಳಿಯುತ್ತಿತ್ತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಹೊಸ ಸೊಸೆ ಬಂದಳು, ಹುಡುಗ ಬಾತುಕೊಂಡ. ಮೊದಮೊದಲು ಜನ ಇದನ್ನು ಅರ್ಧ ಚೇಷ್ಟೆಯಲ್ಲಿ ಆಡುತ್ತಿದ್ದರು. ಉದ್ದವ್ವನೂ ಅವರ ಜೊತೆ ನಗುತ್ತಿದ್ದಳು. ಆಗ ಅವಳಿಗೆ ನಗು ಬರುತ್ತಿತ್ತು.

ಕೇದಾರಿಗೆ ಮೂಡಲಗಿಯ ಸಾತವ್ವನನ್ನು ತಂದರು. ಮೊದಲ ಬಾಣಂತನಕ್ಕೆ ಸಾತವ್ವ ತವರಿಗೆ ಹೋಗಿದ್ದಾಗ ಅವನಿಗೆ ದವಡೆಹಲ್ಲಿನ ನೋವು ಬಂತು. ದುರ್ಗೇಶ ತಮ್ಮನನ್ನು ತನ್ನ ಎಂ-ಏಟಿ ಗಾಡಿಯ ಹಿಂದೆ ಕೂರಿಸಿಕೊಂಡು ಗೋಕಾಕದ ಸಂತೆಗೆ ಹೋದ. ಅಲ್ಲಿ ಛತ್ರಿಯ ಕೆಳಗೆ ಕೂತು ಹಲ್ಲು ಕೀಳುವವನೊಬ್ಬ ಇದ್ದ. ಆಸ್ಪತ್ರೆಗೇಕೆ, ಇಲ್ಲೇ ಆಗುತ್ತದೆ ಅಂದವನು ದುರ್ಗೇಶನೇ. ಹಲ್ಲು ಕಿತ್ತು ಬಂತು. ಮನೆಗೆ ಬಂದ ಮೇಲೆ ರೊಟ್ಟಿ ಅಗಿಯಲು ಆಗದೆಂದು ಉದ್ದವ್ವ ಜೋಳದ ನುಚ್ಚು ಕುದಿಸಿ, ಆರಿಸಿ, ಮಜ್ಜಿಗೆ ಹಾಕಿ ಕೊಟ್ಟಳು. ಕೇದಾರಿ ಇನ್ನಷ್ಟು ಕೇಳಿ ಉಂಡ.

ನಸುಕಿನಲ್ಲಿ ಅವನ ತುಟಿ ಬಾತಿತ್ತು. ಬೆಳಕು ಹರಿಯುವಷ್ಟರಲ್ಲಿ ಕೆನ್ನೆ, ನಾಲಿಗೆ. ದನಿ ಬೇರೆ ಯಾರದೋ ಆಯಿತು. ದುರ್ಗೇಶ ಗಾಡಿ ತೆಗೆದ. ಉದ್ದವ್ವ ಹಿಂದೆ ಕೂತು ಮೈದುನನನ್ನು ಬೀಳದಂತೆ ತಬ್ಬಿ ಹಿಡಿದಳು. ಗೋಕಾಕ ಇನ್ನೇನು ಬಂತು ಅನ್ನುವಾಗ ಅವನ ಎದೆ ತನ್ನ ಕೈಯೊಳಗೆ ಏರಿಳಿಯುವುದು ನಿಂತದ್ದು ಅವಳಿಗೆ ತಿಳಿಯಿತು. ಗಂಡನಿಗೆ ಹೇಳಲಿಲ್ಲ. ಆಸ್ಪತ್ರೆ ಮುಟ್ಟುವವರೆಗೆ ಹಾಗೇ ಹಿಡಿದು ಕೂತಿದ್ದಳು.

ಸಾತವ್ವ ಕೂಸನ್ನು ಎತ್ತಿಕೊಂಡು ಮೂಡಲಗಿಯಿಂದ ಬಂದಳು. ಕೊನೆಗೆ ಏನು ಉಂಡಿದ್ದ ಎಂದು ಕೇಳಿದಳು. ಅಂಗಳದಲ್ಲಿದ್ದವರೆಲ್ಲ ಉದ್ದವ್ವನ ಕಡೆ ನೋಡಿದರು. ಹಲ್ಲು ಕೀಳಿಸಿಕೊಂಡು ಬಂದಿದ್ದ ಎಂದು ಉದ್ದವ್ವ ಹೇಳಿದಳು. ಸಾತವ್ವ ದುರ್ಗೇಶನತ್ತ ತಿರುಗಿದಳು. ದುರ್ಗೇಶ ನೆಲ ನೋಡಿದ. ಹೌದೆಂದರೆ ಛತ್ರಿಯ ಕೆಳಗೆ ತಮ್ಮನನ್ನು ಕೂರಿಸಿದವನು ತಾನಾಗುತ್ತಿದ್ದ. ಬಾತ ಬಾಯಿಯೊಳಗೆ ಇಣುಕಿ ಹಲ್ಲು ಎಣಿಸುವವರು ಅಲ್ಲಿ ಯಾರೂ ಇರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆ ಹೊತ್ತು ಬಂಗಾರ ಗಳಿಸಿದವನು ದುರ್ಗೇಶ, ಅದರ ಬೆಲೆ ತೆತ್ತವಳು ಉದ್ದವ್ವ.

ಉದ್ದವ್ವ ಗಂಡನ ಮನೆ ಬಿಟ್ಟು ತವರಿಗೆ ಬಂದಳು. ಅಂಕಲಗಿಯಲ್ಲಿ ಅಣ್ಣನ ಹೆಂಡತಿ ಹನಮವ್ವ ಅವಳನ್ನು ಚೆನ್ನಾಗಿಯೇ ನೋಡಿಕೊಂಡಳು. ಒಲೆಯ ಹತ್ತಿರ ಮಾತ್ರ ಬರಗೊಡಲಿಲ್ಲ. ನೀನು ದಣಿದಿದ್ದೀ, ಕೂತುಕೋ ಅನ್ನುತ್ತಿದ್ದಳು. ವರ್ಷವಾದರೂ ಆ ದಣಿವು ಹೋಗಲೇ ಇಲ್ಲ. ಒಂದು ದಿನ ಉದ್ದವ್ವ ಬಸ್ಸು ಹತ್ತಿ ಗೋಕಾಕಕ್ಕೆ ಬಂದು ಒಂದು ಖೋಲಿ ಹಿಡಿದಳು.

ಊರು ನಂಬಿದ್ದು ದೊಡ್ಡ ಮಾತಲ್ಲ. ಊರು ಏನನ್ನಾದರೂ ನಂಬುತ್ತದೆ. ದೊಡ್ಡ ಮಾತೆಂದರೆ ವರ್ಷ ಕಳೆದಂತೆ ಉದ್ದವ್ವನೂ ನಂಬಿದಳು. ಅವಳ ಲೆಕ್ಕ ಸರಳವಾಗಿತ್ತು. ಹಲ್ಲಿನ ಮಾತು ಗೊತ್ತಿದ್ದ ಇನ್ನೊಬ್ಬ ಮನುಷ್ಯನೆಂದರೆ ಗಂಡ. ತನ್ನ ಜೊತೆ ಸಂಸಾರ ಮಾಡಿದವನು, ತನ್ನ ಕೈಯಡಿಗೆ ಉಂಡವನು. ಅವನೇ ಸುಮ್ಮನಿದ್ದಾನೆಂದರೆ ಅದು ಹಲ್ಲಿನದ್ದಲ್ಲ. ತಾನು ಏನೂ ಬೆರೆಸಿರಲಿಲ್ಲ, ಅದು ಖರೆ. ಆದರೆ ಕೆಲವರ ಕೈಯೇ ಹಾಗಿರುತ್ತದಂತೆ, ಅವರಿಗೂ ಗೊತ್ತಿರುವುದಿಲ್ಲವಂತೆ. ಮೊದಲು ಅತ್ತಳು. ಆಮೇಲೆ ಅಳು ನಿಂತಿತು, ಅದರ ಜೊತೆ ಉಳಿದದ್ದೂ ನಿಂತಿತು. ಬಹಳ ಹೊತ್ತು ಮಡಚಿ ಕೂತ ಕಾಲಿನಂತೆ ಒಳಗೆಲ್ಲ ಜೋಮು ಹಿಡಿಯಿತು.

ಖೋಲಿಯ ಬಾಜೂ ಮನೆಯ ದಾಕ್ಷಾಯಿಣಿಗೆ ಈ ಕತೆ ಏನೂ ಗೊತ್ತಿರಲಿಲ್ಲ. ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದಳು. ಬಂದ ಡಬ್ಬಿಯನ್ನು ಖಾಲಿ ಮರಳಿಸಬಾರದು, ಅದು ಎಲ್ಲರೂ ಪಾಲಿಸುವ ರೀತಿ. ಉದ್ದವ್ವ ಡಬ್ಬಿ ತೊಳೆದು ಒರೆಸಿ, ಅದರೊಳಗೆ ಒಂದು ಕಟ್ಟಿಗೆಯ ನಿಂಬೆಹಣ್ಣು ಇಟ್ಟು ಕೊಡುತ್ತಿದ್ದಳು. ದಾಕ್ಷಾಯಿಣಿಯ ಮೊಮ್ಮಕ್ಕಳು ನೀರು ಕೇಳಿದರೆ ಬಿಂದಿಗೆಯ ಕಡೆ ಬೆರಳು ತೋರಿಸಿ, ತಾವೇ ತುಂಬಿಕೊಳ್ಳಲು ಹೇಳುತ್ತಿದ್ದಳು. ಜಿಪುಣಿ ಎಂದು ದಾಕ್ಷಾಯಿಣಿ ಅಂದುಕೊಂಡಿದ್ದಳು. ಹಾಗೆ ಅಂದುಕೊಂಡದ್ದು ಉದ್ದವ್ವನಿಗೆ ಅನುಕೂಲವೇ ಆಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಮಹಾಂತೇಶನ ಪಡಸಾಲೆಗೆ ಒಬ್ಬ ಹುಡುಗಿ ಬಂದಳು. ಕಾಲೇಜಿನ ಚೀಲ, ಬಲಗೈಗೆ ಸುತ್ತಿದ ದುಪಟ್ಟಾ. ಹಣ್ಣುಗಳನ್ನು ನೋಡಲಿಲ್ಲ. ನೇರ ಬಂದು ಉದ್ದವ್ವನ ಎದುರಿಗೆ ಕುಕ್ಕುರುಗಾಲಲ್ಲಿ ಕೂತಳು.

"ನಾ ಮಯೂರಿ ದೊಡ್ಡವ್ವಾ. ಕೇದಾರಿ ಮಗಳು."

ಉದ್ದವ್ವನ ಕುಂಚ ನಿಲ್ಲಲಿಲ್ಲ. ಹೌದೇನು ಅಂದಳು. ಹುಡುಗಿ ದುಪಟ್ಟಾ ಬಿಚ್ಚಿದಳು. ಅಂಗೈ ಉಬ್ಬಿತ್ತು. ಬೆರಳುಗಳ ಗೆಣ್ಣು ಕಾಣುತ್ತಿರಲಿಲ್ಲ. ಅದೇ ಕೈ. ಉದ್ದವ್ವ ಅದನ್ನು ಒಮ್ಮೆ ನೋಡಿ, ಮತ್ತೆ ಮಾವಿನ ಹಣ್ಣಿನ ಕಡೆ ತಿರುಗಿದಳು.

ಮಯೂರಿ ಹೇಳುತ್ತ ಹೋದಳು. ದೊಡ್ಡವಳಾದಾಗಿನಿಂದ ಹೀಗೆ ಆಗುತ್ತಿತ್ತಂತೆ. ಅಪ್ಪನ ಮೈಯಲ್ಲಿದ್ದ ಮದ್ದು ಮಗಳಿಗೆ ಇಳಿದಿದೆ ಎಂದು ಅವ್ವ ಅಮಾವಾಸ್ಯೆಗೊಮ್ಮೆ ಹುಕ್ಕೇರಿ ಕಡೆಯ ಒಂದು ಹಳ್ಳಿಗೆ ಕರೆದೊಯ್ಯುತ್ತಿದ್ದಳಂತೆ. ಅಲ್ಲಿ ಮದ್ದು ತೆಗೆಯುವ ಮುದುಕಿ ಯಾವುದೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿ, ಬುಟ್ಟಿಯೊಳಗೆ ಕರಿಯ ಗಂಟೊಂದನ್ನು ತೋರಿಸುತ್ತಾಳೆ. ಇಷ್ಟು ಹೊರಗೆ ಬಂತು, ಇನ್ನೂ ಬೇರು ಉಳಿದಿದೆ ಅನ್ನುತ್ತಾಳೆ. ಬೇರು ಮುಗಿದರೆ ಮುದುಕಿಯ ದಂಧೆಯೂ ಮುಗಿಯಿತಲ್ಲ. ಈ ಸಲ ಪರೀಕ್ಷೆಯ ದಿನ ಕೈ ಬಾತು ಪೆನ್ನು ಹಿಡಿಯಲಾಗದೆ ಹೋದಾಗ, ಕಾಲೇಜಿನವರು ಡಾಕ್ಟರ್ ತ್ರಿಶಲಾ ಅವರ ಹತ್ತಿರ ಕಳಿಸಿದರು. ಗೋಕಾಕದ ಜೈನರ ಮನೆಯ ಮಗಳು ಅವರು, ಹೊರಗೆ ಓದಿ ಬಂದು ಇಲ್ಲೇ ದವಾಖಾನೆ ಇಟ್ಟವರು. ಅವರು ಅಲರ್ಜಿಯ ಸೂಜಿ ಕೊಟ್ಟು ನೋಡಿದರು. ಇಳಿಯಲಿಲ್ಲ. ಇಳಿಯದಿದ್ದುದೇ ಅವರಿಗೆ ಅನುಮಾನ ಹುಟ್ಟಿಸಿತು. ರಕ್ತವನ್ನು ದೂರದ ಲ್ಯಾಬಿಗೆ ಕಳಿಸಿದರು.

"ರಕ್ತದಾಗ ಕೆಂಪು ಬ್ಯಾರೆ, ಹಳದಿ ನೀರ ಬ್ಯಾರೆ ಅಂತ, ದೊಡ್ಡವ್ವಾ. ಆ ಹಳದಿ ನೀರಾಗ ಇರೂ ಒಂದು ಪ್ರೋಟೀನು ನನಗ ಕಮ್ಮಿ ಐತಿ. ಹುಟ್ಟಾ ಕಮ್ಮಿ."

ಡಾಕ್ಟರು ಅವಳಿಗೆ ತಿಳಿಸಿದ್ದು ಕಬ್ಬಿನ ಹೊಲದ ಮಾತಿನಲ್ಲಿ. ಮೈಗೆ ಎಲ್ಲಾದರೂ ಪೆಟ್ಟಾದರೆ ರಕ್ತದ ಕಾವಲು ಕಣಗಳು ಕೂಗು ಹಾಕುತ್ತವೆ, ಇಲ್ಲಿ ಗಾಯ ಆಗಿದೆ, ನೀರು ಬಿಡಿ ಎಂದು. ಆ ಜಾಗ ಬಾತುಕೊಳ್ಳುತ್ತದೆ. ಅದು ಬೇಕಾದದ್ದೇ. ಆದರೆ ಸಾಕು, ಇನ್ನು ತೂಬು ಮುಚ್ಚಿ ಅನ್ನುವವರೂ ಬೇಕು. ಹಳದಿ ನೀರಿನ ಕೆಲವು ಪ್ರೋಟೀನುಗಳ ಕೆಲಸ ಅದೇ, ಕೂಗನ್ನು ತಗ್ಗಿಸುವುದು, ತೂಬು ಮುಚ್ಚುವುದು. ಇವಳಲ್ಲಿ ಅಂಥ ಒಂದು ಪ್ರೋಟೀನು ಇರಬೇಕಾದಷ್ಟಿಲ್ಲ. ಪೆಟ್ಟು ಚಿಕ್ಕದು, ನೀರು ನಿಲ್ಲುವುದಿಲ್ಲ. ಕೈಯಲ್ಲಾದರೆ ಬಾವು, ಹೊಟ್ಟೆಯಲ್ಲಾದರೆ ಶೂಲೆ, ಗಂಟಲಲ್ಲಾದರೆ ಉಸಿರು ಕಟ್ಟುತ್ತದೆ. ಇದು ತಂದೆ ಅಥವಾ ತಾಯಿಯಿಂದ ಬರುವುದೇ ಹೆಚ್ಚು.

"ನಂದೊಂದು ಹಲ್ಲ ತಗಿಯೂದೈತಿ. ಬರೂ ವಾರಕ್ಕ ಹೇಳಿದ್ರು. ಅದಕ್ಕ ಡಾಕ್ಟರ್ ಮೇಡಮ್, ನಿಮ್ಮಪ್ಪ ಹೆಂಗ ಸತ್ತ ಕೇಳ್ಕೊಂಡ ಬಾ ಅಂದಾರ. ಅವ್ವ ಅವತ್ತ ಮೂಡಲಗಿಯಾಗಿದ್ಲು. ದೊಡ್ಡಪ್ಪ ಬಾಯಿ ಬಿಡೂದಿಲ್ಲ. ಅವತ್ತ ಏನಾತು ದೊಡ್ಡವ್ವಾ?"

ಆ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಅವಳಿಗೆ ಯಾರೂ ಕೇಳಿರಲಿಲ್ಲ. ಏನು ಉಣ್ಣಿಸಿದೆ ಎಂದು ಕೇಳಿದ್ದರು. ಏನಾಯಿತು ಎಂದು ಯಾರೂ ಕೇಳಿರಲಿಲ್ಲ. ಉದ್ದವ್ವ ಕುಂಚವನ್ನು ಡಬ್ಬಿಯ ಅಂಚಿಗೆ ಇಟ್ಟಳು.

"ನುಚ್ಚ ಮಾಡಿ ಕೊಟ್ಟಿದ್ದೆ" ಅಂದಳು.

"ಅದಕ್ಕಿಂತ ಮೊದಲ?"

"ಮೊದಲ ಏನೂ ಇಲ್ಲವಾ. ಹಲ್ಲ ಕೀಳಿಸ್ಕೊಂಡ ಬಂದಿದ್ದ, ಅಷ್ಟ."

ಮಯೂರಿ ಬಾವಿಲ್ಲದ ಕೈಯನ್ನು ಕೆನ್ನೆಗೆ ಇಟ್ಟುಕೊಂಡು ಕೂತುಬಿಟ್ಟಳು. ಮಹಾಂತೇಶ ಒಳಗಿನಿಂದ ಇಣುಕಿ, ಗಿರಾಕಿಯಲ್ಲವೆಂದು ತಿಳಿದು ಹಿಂದಕ್ಕೆ ಹೋದ. ದೊಡ್ಡಪ್ಪನಿಗೆ ಇದು ಗೊತ್ತಿತ್ತೇ ಎಂದು ಹುಡುಗಿ ಕೇಳಿದಾಗ, ಅವನ ಗಾಡಿಯ ಮೇಲೆಯೇ ಹೋಗಿದ್ದರು ಎಂದು ಉದ್ದವ್ವ ಹೇಳಿ ಮತ್ತೆ ಕುಂಚ ಎತ್ತಿಕೊಂಡಳು. ದನಿಯಲ್ಲಿ ದೂರು ಇರಲಿಲ್ಲ. ದೂರು ಇರುವ ಜಾಗವೇ ಅವಳಲ್ಲಿ ಉಳಿದಿರಲಿಲ್ಲ.

ಮುಂದೆ ಮಮದಾಪುರದ ಮನೆಯಲ್ಲಿ ನಡೆದದ್ದು ಅವಳಿಗೆ ಗೊತ್ತಾದದ್ದು ಮಯೂರಿ ಎರಡನೆಯ ಸಲ ಬಂದಾಗ. ಹಲ್ಲಿನ ಮಾತು ಕೇಳಿ ತ್ರಿಶಲಾ ಗೋಕಾಕದಲ್ಲಿ ಹಲ್ಲು ಮುಟ್ಟಿಸಕೂಡದು ಅಂದರು. ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ, ಮೊದಲು ಬೇರೆಯವರ ರಕ್ತದ ಹಳದಿ ನೀರನ್ನು ಏರಿಸಿ, ಆಮೇಲೆ ತೆಗೆಯಬೇಕು. ಅದರಲ್ಲಿ ಇವಳಿಗೆ ಇಲ್ಲದ ಪ್ರೋಟೀನು ಇರುತ್ತದೆ. ಸಾತವ್ವ ಹಠ ಹಿಡಿದಳು. ಯಾರದೋ ರಕ್ತ ಬೇಡ, ಆ ಹೆಂಗಸು ತನ್ನ ತಪ್ಪು ಮುಚ್ಚಲು ಹಲ್ಲಿನ ಕತೆ ಕಟ್ಟಿದ್ದಾಳೆ, ಅಮಾವಾಸ್ಯೆಗೆ ಹುಕ್ಕೇರಿಗೆ ಹೋಗಿ ಬಂದರೆ ಸಾಕು ಅಂದಳು. ಆಗ ಮೂಲೆಯಲ್ಲಿ ಕೂತಿದ್ದ ದುರ್ಗೇಶ ತಲೆ ಎತ್ತಿದನಂತೆ. ಹಲ್ಲು ಕೀಳಿಸಿದ್ದು ಖರೆ, ಕರೆದುಕೊಂಡು ಹೋದವನು ನಾನೇ ಅಂದನಂತೆ.

ಅವನ ರಕ್ತವನ್ನೂ ನೋಡಿದರು. ಅವನಲ್ಲೂ ಅದು ಕಡಿಮೆಯೇ. ಹೆಂಡತಿಯ ಕೈಯಡಿಗೆ ಬಿಟ್ಟು ಇಷ್ಟು ವರ್ಷವಾದರೂ ಅವನಿಗೆ ಆಗಾಗ ಹೊಟ್ಟೆಶೂಲೆ ಬರುತ್ತಲೇ ಇತ್ತು. ಉಣ್ಣಿಸುವವಳು ಇಲ್ಲದೆ ಮದ್ದು ಎಲ್ಲಿಂದ ಬಂತು ಎಂದು ಊರಿನ ಒಬ್ಬ ಶಾಣ್ಯಾನೂ ಕೇಳಲಿಲ್ಲ. ಕೇಳಿದ್ದರೆ ಒಬ್ಬ ಹೆಂಗಸಿನ ಅರ್ಧ ಆಯುಷ್ಯ ಉಳಿಯುತ್ತಿತ್ತು. ಹೇಳುವಾಗ ನನಗೇ ಹೊಟ್ಟೆ ಉರಿಯುತ್ತದೆ. ಉದ್ದವ್ವ ಮಾತ್ರ ಹೂಂಗುಟ್ಟುತ್ತ ಕೇಳಿದಳು. ದೊಡ್ಡಪ್ಪ ನಿನಗೆ ಮನೆಗೆ ಬಾ ಅಂದಿದ್ದಾನೆ ಎಂದು ಮಯೂರಿ ಹೇಳಿದಾಗ, ಬದನೆಕಾಯಿಯ ಬಣ್ಣ ಇನ್ನೂ ಹಸಿಯಿದೆ, ಮುಟ್ಟಬೇಡ ಅಂದಳು.

ಬೆಳಗಾವಿಗೆ ಬಾ ಎಂದು ಮಯೂರಿ ಕರೆದಳು. ಕರೆದದ್ದಕ್ಕೆ ಹೋದಳು. ವಾರ್ಡಿನ ಹೊರಗಿನ ಬೆಂಚಿನ ಒಂದು ತುದಿಗೆ ಸಾತವ್ವ, ಇನ್ನೊಂದು ತುದಿಗೆ ಉದ್ದವ್ವ. ಬಾಗಿಲ ಸಂದಿಯಿಂದ ತೂಗುಹಾಕಿದ ಚೀಲ ಕಾಣುತ್ತಿತ್ತು, ತಿಳಿಹಳದಿ ನೀರು ಕೊಳವೆಯಲ್ಲಿ ಇಳಿಯುತ್ತಿತ್ತು. ಯಾರೋ ಕೊಟ್ಟದ್ದು. ಕೊಟ್ಟವರು ಯಾರು, ಯಾವ ಊರು, ಅವರ ಮನೆಯಲ್ಲಿ ನೀರು ಕುಡಿಯಬಹುದೋ ಇಲ್ಲವೋ, ಇದನ್ನು ಸಾತವ್ವನೂ ಕೇಳಲಿಲ್ಲ. ಚೀಲ ಮುಗಿಯಿತು, ಹಲ್ಲು ತೆಗೆದರು. ಇನ್ನು ಕಾಯಬೇಕು ಅಂದರು. ಬಾವು ಬರುವುದಿದ್ದರೆ ನಾಳೆಯೊಳಗೆ ಬರುತ್ತದೆ.

ಇಬ್ಬರೂ ಹುಡುಗಿಯ ತುಟಿ ನೋಡುತ್ತ ಕೂತರು. ಸಾತವ್ವ ಹರಕೆ ಹೊತ್ತಳು, ಅತ್ತಳು, ನರ್ಸನ್ನು ಮತ್ತೆ ಮತ್ತೆ ಕರೆದಳು. ಉದ್ದವ್ವನಿಗೆ ಹೆದರಿಕೆಯೂ ಬರಲಿಲ್ಲ. ಆದರೆ ಕಣ್ಣು ತೆಗೆಯಲಿಲ್ಲ. ಮರುದಿನ ಸಂಜೆಯವರೆಗೂ ಆ ತುಟಿ ಇದ್ದಂತೆಯೇ ಇತ್ತು. ಮಯೂರಿ ಹತ್ತಿ ಕಚ್ಚಿದ ಬಾಯಲ್ಲೇ, ಯಾಕೆ ಹಾಗೆ ನೋಡುತ್ತೀರಿ ಎಂದು ಇಬ್ಬರನ್ನೂ ಗದರಿದಳು. ಅವಳ ದನಿ ಅವಳದೇ ಆಗಿತ್ತು.

ಹತ್ತೆಂಟು ದಿನ ಬಿಟ್ಟು ಒಂದು ರವಿವಾರ ತಾಯಿ ಮಗಳು ಇಬ್ಬರೂ ಉದ್ದವ್ವನ ಖೋಲಿಗೆ ಬಂದರು. ಸಾತವ್ವ ಹೊಸ್ತಿಲ ಒಳಗೆ ಬಂದು ಗೋಡೆಗೆ ಆತು ಕೂತಳು. ಏನೇನೋ ಹೇಳಬೇಕೆಂದು ಬಂದಿದ್ದಳು, ಅದು ಮುಖದಲ್ಲೇ ಕಾಣುತ್ತಿತ್ತು. ತಪ್ಪಾಯಿತು ಅನ್ನುವ ಮಾತು ನಮ್ಮ ಜನಕ್ಕೆ ಅಷ್ಟು ಸಲೀಸಾಗಿ ಹೊರಡುವುದಿಲ್ಲ. ಕೊನೆಗೆ ಅವಳು ಹೇಳಿದ್ದು ಬೇರೆ.

"ಯಕ್ಕಾ, ಹಸಿವಿ ಆಗೇತಿ. ಏನರ ಉಣ್ಣಾಕ ಹಾಕ."

ಇದಕ್ಕಿಂತ ದೊಡ್ಡ ಮಾತು ಅವಳು ಆಡುವಂತಿರಲಿಲ್ಲ. ಉದ್ದವ್ವನಿಗೆ ಅದು ತಿಳಿಯಿತು. ಇಂಥದೊಂದು ಮಾತು ಬಂದ ದಿನ ತನ್ನ ಎದೆ ಒಡೆದು ಹೋದೀತು ಎಂದು ಮೊದಲ ವರ್ಷಗಳಲ್ಲಿ ಅಂದುಕೊಂಡಿದ್ದಳು. ಈಗ ಏನೂ ಆಗಲಿಲ್ಲ. ಎದ್ದು ಹಿಟ್ಟಿಗೆ ಬಿಸಿನೀರು ಹಾಕಿ ನಾದಿದಳು, ರೊಟ್ಟಿ ಬಡಿದಳು. ಪುಂಡಿಪಲ್ಯ ಇತ್ತು, ಶೇಂಗಾ ಹಿಂಡಿ ಇತ್ತು. ಒಬ್ಬಳಿಗೆ ಬೇಯಿಸಿ ರೂಢಿಯಾದ ಕೈ, ಮೂವರಿಗೆ ಎಷ್ಟು ಬೇಕೆಂದು ತಿಳಿಯದೆ ಬಹಳ ಬಡಿಯಿತು. ಎರಡು ತಾಟುಗಳನ್ನು ಬಾಜೂ ಮನೆಯಿಂದ ತಂದು ಬಡಿಸಿದಳು.

ಸಾತವ್ವ ತಾಟನ್ನು ಎಳೆದುಕೊಳ್ಳುವಷ್ಟರಲ್ಲಿ ಉದ್ದವ್ವ ಬಗ್ಗಿ, ಆ ತಾಟಿನಿಂದ ಒಂದು ಚೂರು ರೊಟ್ಟಿ ಮುರಿದು, ಪಲ್ಯ ಹಚ್ಚಿ ತನ್ನ ಬಾಯಿಗೆ ಹಾಕಿಕೊಂಡಳು. ಮಯೂರಿಯ ತಾಟಿನಿಂದಲೂ ಒಂದು ಚೂರು. ಅಗಿದು ನುಂಗಿ, ಎದುರಿಗೆ ಕೂತಳು.

"ಸ್ವಲ್ಪ ತಡೀರಿ. ನನಗೇನೂ ಆಗಲಿಲ್ಲಂದ್ರ ನೀವು ಉಣ್ಣೀರಂತ."

ಮಯೂರಿ ರಕ್ತದ ಮಾತು ತೆಗೆದಳು, ಲ್ಯಾಬಿನ ಮಾತು, ಡಾಕ್ಟರರ ಮಾತು. ಉದ್ದವ್ವ ಎಲ್ಲದಕ್ಕೂ ತಲೆಯಾಡಿಸಿದಳು.

"ತಿಳೀತವಾ. ಎಲ್ಲಾ ಖರೆ ಐತಿ. ಆದ್ರೂ ತಡಿ."

ಸಾತವ್ವ ಕೇಳದೆ ರೊಟ್ಟಿಗೆ ಕೈ ಹಾಕಿದಳು. ಉದ್ದವ್ವ ಆ ಕೈಯನ್ನು ಗಪ್ಪನೆ ಹಿಡಿದಳು, ಒಲೆಯತ್ತ ಹೋಗುವ ಕೂಸಿನ ಕೈ ಹಿಡಿಯುವಂತೆ. ಸಾತವ್ವ ಅಳುತ್ತ ಬಿಡಿಸಿಕೊಳ್ಳಲು ನೋಡಿದಳು. ಉದ್ದವ್ವ ಬಿಡಲಿಲ್ಲ.